ಕೈಯಿಂದ ಫೋನ್ ತೆಗೆದ ಮೇಲೆ

ಪ್ರಶ್ನೆ: ಮೊಬೈಲ್ ಚಟದ ಬಗ್ಗೆ ಎಷ್ಟೊಂದು ಚಿತ್ರ, ಫೋಟೊ ಬರುತ್ತಿವೆ. ಎಲ್ಲರಿಗೂ ಗೊತ್ತಿರುವುದನ್ನೇ ತೋರಿಸಿದರೆ ಏನು ಬಂತು? ಇದೆಲ್ಲ ಸುಮ್ನೆ ಬುದ್ಧಿವಾದ ಅಲ್ವಾ?

ಉತ್ತರ: ಜಾಸ್ತಿ ಚಿತ್ರಗಳು ಹಾಗೇ ಇರುತ್ತವೆ, ಒಪ್ಪಿದೆ. ಕಾಲಿಗೆ ಸರಪಳಿ, ಸರಪಳಿಯ ತುದಿಗೆ ಫೋನು. ಇಂಥದ್ದು ವಾಟ್ಸಾಪ್‌ನಲ್ಲಿ ಬರುತ್ತಲೇ ಇರುತ್ತದೆ. ‘ನಿಜ ಕಣ್ರೀ’ ಅಂದು ಇನ್ನೊಂದು ಗ್ರೂಪಿಗೆ ತಳ್ಳುತ್ತೇವೆ. ಆ ಚಿತ್ರದಲ್ಲಿರುವವನು ಯಾವಾಗಲೂ ಬೇರೆ ಯಾರೋ.

ಅಮೆರಿಕದ ಫೋಟೊಗ್ರಾಫರ್ ಎರಿಕ್ ಪಿಕರ್ಸ್‌ಗಿಲ್ ಅವರ ‘ರಿಮೂವ್ಡ್’ ಸರಣಿಯ ಮುಂದೆ ಮಾತ್ರ ಹಾಗೆ ತಪ್ಪಿಸಿಕೊಳ್ಳುವುದು ಕಷ್ಟ. ಅದು ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರಿನ ಒಂದು ಕೆಫೆಯಲ್ಲಿ. ಪಕ್ಕದ ಮೇಜಿನಲ್ಲಿ ಒಂದು ಕುಟುಂಬ ಕೂತಿತ್ತು. ಅಪ್ಪ ಮತ್ತು ಇಬ್ಬರು ಹೆಣ್ಣುಮಕ್ಕಳು ತಂತಮ್ಮ ಫೋನಿನಲ್ಲಿ ಮುಳುಗಿದ್ದರು. ಅಮ್ಮ ಕಿಟಕಿಯಾಚೆ ನೋಡುತ್ತಿದ್ದಳು. ಅಪ್ಪ ಆಗಾಗ ತಲೆಯೆತ್ತಿ, ಯಾರೋ ಹಿಡಿದ ದೊಡ್ಡ ಮೀನಿನ ಸುದ್ದಿ ಹೇಳುತ್ತಿದ್ದ. ಯಾರೂ ‘ಹ್ಞೂಂ’ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಅಮ್ಮನೂ ಫೋನ್ ತೆಗೆದಳು.

ಪಿಕರ್ಸ್‌ಗಿಲ್ ಮಾಡಿದ್ದು ತುಂಬ ಸರಳ. ಫೋನ್ ನೋಡುತ್ತಿರುವವರಿಗೆ ‘ಹಾಗೇ ಇರಿ, ಅಲುಗಾಡಬೇಡಿ’ ಎಂದರು. ಕೈಯಿಂದ ಫೋನ್ ತೆಗೆದುಕೊಂಡರು. ಆಮೇಲೆ ಕಪ್ಪುಬಿಳುಪಿನಲ್ಲಿ ಫೋಟೊ ತೆಗೆದರು. ಕಂಪ್ಯೂಟರಿನಲ್ಲಿ ಅಳಿಸಿದ್ದಲ್ಲ, ನಿಜವಾಗಿಯೂ ಕೈ ಖಾಲಿ. ಆಗತಾನೇ ಮದುವೆಯಾದ ಜೋಡಿ ಕಾರಿಗೆ ಒರಗಿ ನಿಂತಿದೆ. ಇಬ್ಬರೂ ನೋಡುತ್ತಿರುವುದು ತಂತಮ್ಮ ಬರಿಗೈಯನ್ನು, ತೀರ್ಥ ಬೀಳಲಿ ಅಂತ ಕಾಯುತ್ತಿರುವವರ ಹಾಗೆ.

ಫೋನು ಕಾಣುತ್ತಿದ್ದರೆ ಈ ಭಂಗಿ ನಮಗೆ ವಿಚಿತ್ರ ಅನ್ನಿಸುವುದೇ ಇಲ್ಲ, ದಿನಾ ನೋಡುವುದೇ. ಫೋನು ಹೋದ ಕೂಡಲೇ ಬಾಗಿದ ಕತ್ತು, ಮಡಿಸಿದ ಬೆರಳು, ಪಕ್ಕದವರತ್ತ ತಿರುಗದ ಮುಖ ಎಲ್ಲ ಕಣ್ಣಿಗೆ ಬೀಳುತ್ತವೆ. ಇನ್ನೂ ಒಂದು ವಿಷಯ ನನಗೆ ಹಿಡಿಸಿತು. ಒಂದು ಫೋಟೊದಲ್ಲಿ ಪಿಕರ್ಸ್‌ಗಿಲ್ ಮತ್ತು ಅವರ ಹೆಂಡತಿಯೇ ಹಾಸಿಗೆಯಲ್ಲಿ ಬೆನ್ನು ತಿರುಗಿಸಿ ಮಲಗಿದ್ದಾರೆ, ಖಾಲಿ ಅಂಗೈ ನೋಡುತ್ತಾ. ತನ್ನನ್ನೂ ಸೇರಿಸಿಕೊಂಡು ಹೇಳಿದರೆ ಅದು ಬುದ್ಧಿವಾದ ಆಗುವುದಿಲ್ಲ.

ಪರದೆಯ ಮೋಹ ಸ್ಮಾರ್ಟ್‌ಫೋನಿನಿಂದ ಶುರುವಾಗಿದ್ದೂ ಅಲ್ಲ. ಕೊರಿಯಾ ಮೂಲದ ಕಲಾವಿದ ನಾಮ್ ಜೂನ್ ಪೈಕ್ 1974ರಲ್ಲೇ ‘ಟಿವಿ ಬುದ್ಧ’ ಮಾಡಿದ್ದರು. ಬುದ್ಧನ ಮೂರ್ತಿ, ಎದುರಿಗೆ ಟಿವಿ ಮತ್ತು ಕ್ಯಾಮೆರಾ. ಟಿವಿಯಲ್ಲಿ ಬುದ್ಧನದೇ ಮುಖ. ಧ್ಯಾನವೋ, ತನ್ನನ್ನೇ ನೋಡಿಕೊಳ್ಳುವ ಚಟವೋ? ಹೇಗೆ ಬೇಕಾದರೂ ಓದಬಹುದು. ಇದನ್ನು ಬರೀ ಟೀಕೆ ಅನ್ನಲು ನನಗೆ ಮನಸ್ಸಿಲ್ಲ.

ಇನ್ನು ‘ಏನು ಬಂತು?’ ಎಂಬ ಮಾತು. 2014ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ, ತನ್ನ ಗುರುತು ಬಿಟ್ಟುಕೊಡದ ಬೀದಿ ಕಲಾವಿದ ಬ್ಯಾಂಕ್ಸಿ ‘ಮೊಬೈಲ್ ಲವರ್ಸ್’ ಬಿಡಿಸಿದರು. ತಬ್ಬಿಕೊಂಡ ಜೋಡಿ, ಒಬ್ಬರ ಹೆಗಲ ಮೇಲಿಂದ ಇನ್ನೊಬ್ಬರು ಫೋನ್ ನೋಡುತ್ತಿದ್ದಾರೆ. ಅದು ಇದ್ದದ್ದು ದುಡ್ಡಿಲ್ಲದೆ ಒದ್ದಾಡುತ್ತಿದ್ದ ಒಂದು ಹುಡುಗರ ಕ್ಲಬ್ಬಿನ ಹತ್ತಿರ. ಕ್ಲಬ್ಬಿನವರು ಹಾರೆ ಹಾಕಿ ಕಿತ್ತು ಒಳಗಿಟ್ಟರು. ನಗರಪಾಲಿಕೆ ಅದು ತನ್ನದು ಅಂದಿತು. ಕೊನೆಗೆ ಬ್ಯಾಂಕ್ಸಿಯೇ ಪತ್ರ ಬರೆದು, ಕ್ಲಬ್ಬಿನವರೇ ಇಟ್ಟುಕೊಳ್ಳಲಿ ಎಂದರು. ಚಿತ್ರ 4,03,000 ಪೌಂಡಿಗೆ ಮಾರಾಟವಾಯಿತು, ಕ್ಲಬ್ಬು ಉಳಿಯಿತು.