ಆ ರಾತ್ರಿ ಮಗು ಎದ್ದರೆ ನೋಡಿಕೊಳ್ಳುವವರು ಯಾರು?

"ಡಾಕ್ಟ್ರೇ, ಮಗು ಒಂಬತ್ತಕ್ಕೆಲ್ಲ ಮಲಗಿಬಿಡುತ್ತೆ. ಆಮೇಲೆ ತಗೊಂಡ್ರೆ ಬೆಳಿಗ್ಗೆ ಹೊತ್ತಿಗೆ ಸರಿಹೋಗಿರ್ತೀನಿ ಅಲ್ವಾ?"

ಮನೋವೈದ್ಯೆಯಾಗಿ ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಕೇಳುವವರು ಕಾಲೇಜು ಹುಡುಗರಲ್ಲ. ಮೂವತ್ತು, ನಲವತ್ತು ದಾಟಿದವರು, ಮನೆಯಲ್ಲಿ ಚಿಕ್ಕ ಮಕ್ಕಳಿರುವವರು. ಮಗುವಿನ ಲಸಿಕೆಯ ತಾರೀಖು ಬಾಯಿಪಾಠ ಇರುವಂಥ ಅಪ್ಪ ಅಮ್ಮಂದಿರು. ಕಾಣುವುದು, ಕೇಳುವುದು, ಅನ್ನಿಸುವುದು ಎಲ್ಲವನ್ನೂ ಕೆಲವು ಗಂಟೆ ಬದಲಿಸಿಬಿಡುವ ಮಾದಕ ವಸ್ತುಗಳಾದ ಎಲ್‌ಎಸ್‌ಡಿಯನ್ನೋ ಸೈಲೋಸೈಬಿನ್ ಇರುವ ಅಣಬೆಯನ್ನೋ ಒಂದೇ ಒಂದು ಸಲ ತಗೊಂಡು ನೋಡುವ ಮನಸ್ಸಾಗಿದೆ ಅವರಿಗೆ. ನನ್ನ ಹತ್ತಿರ ಬರುವ ಹೊತ್ತಿಗೆ ಸಾಕಷ್ಟು ಓದಿಕೊಂಡೂ ಇರುತ್ತಾರೆ. ಚಟ ಹತ್ತುವುದಿಲ್ಲ, ಲಿವರ್ ಹಾಳಾಗುವುದಿಲ್ಲ, ಡಿಪ್ರೆಶನ್‌ಗೆ ಪ್ರಯೋಗ ನಡೆಯುತ್ತಿದೆ ಅಂತ ನನಗೇ ಹೇಳುತ್ತಾರೆ. ಇದರಲ್ಲಿ ಸುಳ್ಳು ಅಂತ ತಳ್ಳಿಹಾಕುವಂಥದ್ದು ಕಡಿಮೆ. ಆದರೆ ಕೇಳಬೇಕಾದ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಈ ಆಸೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಮಕ್ಕಳಾದ ಮೇಲೆ ತಾನು ಅನ್ನುವುದೇ ಎಲ್ಲೋ ಕಳೆದುಹೋಗಿದೆ ಅನ್ನಿಸುವುದು ನಿಜವಾದ ನೋವು. ಒಬ್ಬ ತಾಯಿ ನನ್ನೆದುರು ಕೂತು ಹೇಳಿದ್ದರು: "ಮಗಳು ನಕ್ಕರೆ ನನಗೇನೂ ಅನ್ನಿಸಲ್ಲ. ಅದನ್ನ ತಗೊಂಡವರೆಲ್ಲ ಎದೆ ತೆರೆದ ಹಾಗಾಯ್ತು ಅಂತಾರೆ. ನನಗೂ ಒಂದ್ಸಲ ಹಾಗಾಗಲಿ ಅಂತ." ನಾನು ಔಷಧದ ಮಾತು ಎತ್ತಲಿಲ್ಲ. ನಿದ್ದೆ ಹೇಗಿದೆ ಅಂತ ಕೇಳಿದೆ. ಹದಿನಾಲ್ಕು ತಿಂಗಳಿಂದ ಒಂದು ರಾತ್ರಿಯೂ ಮೂರು ಗಂಟೆ ಒಟ್ಟಿಗೆ ಮಲಗಿರಲಿಲ್ಲ. ಊಟ ಸೇರುತ್ತಿರಲಿಲ್ಲ. ಕೈಯಲ್ಲಿದ್ದ ಕರವಸ್ತ್ರವನ್ನು ಮಡಚುತ್ತಾ ಬಿಚ್ಚುತ್ತಾ ಇದ್ದರು. ಅದು ಹೆರಿಗೆಯ ನಂತರ ಶುರುವಾಗಿ ಯಾರ ಕಣ್ಣಿಗೂ ಬೀಳದೆ ಉಳಿದ ಖಿನ್ನತೆ. ಅದಕ್ಕೆ ಚಿಕಿತ್ಸೆ ಇದೆ. ಕೆಲಸ ಮಾಡುತ್ತದೆ. ಎಲ್ಲರ ಕಥೆಯೂ ಹೀಗೇ ಅಂತ ಹೇಳಲಾರೆ. ಆದರೆ ಈ ಪ್ರಶ್ನೆ ಹಿಡಿದು ಬಂದವರಲ್ಲಿ ಬಹಳ ಜನಕ್ಕೆ ಮೊದಲು ಬೇಕಾಗಿದ್ದದ್ದು ನಿದ್ದೆ, ನೆರವು, ಅಥವಾ ಸರಿಯಾಗಿ ಗುರುತಿಸಿದ ಒಂದು ಕಾಯಿಲೆಯ ಹೆಸರು.

ಈಗ ಆ ಒಂಬತ್ತು ಗಂಟೆಯ ಲೆಕ್ಕಕ್ಕೆ ಬರೋಣ. ಸೈಲೋಸೈಬಿನ್ ಪ್ರಭಾವ ಸುಮಾರು 4ರಿಂದ 6 ಗಂಟೆ. ಎಲ್‌ಎಸ್‌ಡಿಯದ್ದು 8ರಿಂದ 12 ಗಂಟೆ. ರಾತ್ರಿ ಒಂಬತ್ತಕ್ಕೆ ತಗೊಂಡರೆ ಬೆಳಿಗ್ಗೆ ಒಂಬತ್ತರವರೆಗೂ ಇರಬಹುದು. ಮಗು ಆರೂವರೆಗೇ ಎದ್ದು ಕೂತಿರುತ್ತದೆ. ಆದರೆ ನನ್ನ ತಕರಾರು ಗಂಟೆಗಳ ಬಗ್ಗೆ ಅಲ್ಲ. ಅದನ್ನು ನಡುವೆ ನಿಲ್ಲಿಸಲು ಆಗುವುದಿಲ್ಲ ಅನ್ನುವುದರ ಬಗ್ಗೆ.

ಇದನ್ನು ಎಷ್ಟು ಹೇಳಿದರೂ ಜನ ತಲೆಗೆ ಹಾಕಿಕೊಳ್ಳುವುದಿಲ್ಲ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಗಾಢ ನಿದ್ದೆಯಲ್ಲಿದ್ದರೂ ಮಗು ಅತ್ತರೆ ಎಚ್ಚರವಾಗುತ್ತೇವೆ. ಈ ಪದಾರ್ಥಗಳು ಹಾಗಲ್ಲ. ಮೆದುಳಿನಲ್ಲಿ ಸಂದೇಶ ಒಯ್ಯುವ ಸೆರೊಟೋನಿನ್ ಅನ್ನುವ ರಾಸಾಯನಿಕ ಕೂರುವ ಜಾಗಗಳಲ್ಲಿ ಒಂದು ಬಗೆಯದನ್ನು ಇವು ಹಿಡಿದುಕೊಳ್ಳುತ್ತವೆ. ಬಿಡುವವರೆಗೂ ಬಿಡುವುದಿಲ್ಲ. ನಿಮ್ಮ ಮನೋಬಲ, ಮಗುವಿನ ಮೇಲಿನ ಪ್ರೀತಿ, ತಣ್ಣೀರು, ಕಾಫಿ ಯಾವುದೂ ಅದನ್ನು ಇಳಿಸುವುದಿಲ್ಲ. ಆಸ್ಪತ್ರೆಗೆ ಬಂದರೆ ಗಾಬರಿ ತಗ್ಗಿಸುವ ಔಷಧ ಕೊಡುತ್ತೇವೆ. ಅದರಿಂದ ಮಂಪರು ಬರುತ್ತದೆ. ಜ್ವರ ಬಂದ ಮಗುವನ್ನು ಎತ್ತಿಕೊಂಡು ಓಡುವ ಶಕ್ತಿ ಬರುವುದಿಲ್ಲ. ಎರಡು ಗಂಟೆ ರಾತ್ರಿಗೆ ಮಗುವಿಗೆ ಫಿಟ್ಸ್ ಬಂದರೆ? ಜ್ವರದ ಔಷಧ ಎಷ್ಟು ಎಂಎಲ್ ಅಂತ ಅಳೆಯಬೇಕಾದರೆ? ಗಾಡಿ ಓಡಿಸಬೇಕಾದರೆ?

"ಸ್ವಲ್ಪವೇ ತಗೋತೀನಿ" ಅನ್ನುವವರಿಗೆ ಆಲ್ಬರ್ಟ್ ಹಾಫ್‌ಮನ್ ಅವರ ಕಥೆ ಹೇಳುತ್ತೇನೆ. ಎಲ್‌ಎಸ್‌ಡಿಯನ್ನು 1938ರಲ್ಲಿ ಮೊದಲು ತಯಾರಿಸಿದ ಸ್ವಿಟ್ಜರ್‌ಲೆಂಡಿನ ರಸಾಯನ ವಿಜ್ಞಾನಿ ಅವರು. 1943ರ ಏಪ್ರಿಲ್ 19ರಂದು ತಮ್ಮ ಮೇಲೇ ಪ್ರಯೋಗ ಮಾಡಿಕೊಂಡರು. ತೆಗೆದುಕೊಂಡದ್ದು 0.25 ಮಿಲಿಗ್ರಾಂ. ಅದು ತೀರಾ ಸಣ್ಣ ಪ್ರಮಾಣ ಅಂದುಕೊಂಡಿದ್ದರು. ಜಗತ್ತಿನಲ್ಲಿ ಆ ವಸ್ತುವನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಆಗ ಯಾರೂ ಇರಲಿಲ್ಲ, ಆದರೂ ಲೆಕ್ಕ ತಪ್ಪಿತು. ಸಹಾಯಕಿಯ ಜೊತೆ ಸೈಕಲ್ ತುಳಿದು ಮನೆ ಸೇರಿದ ಕಥೆ ಬಹಳ ಜನಕ್ಕೆ ಗೊತ್ತು. ಮನೆ ಸೇರಿದ ಮೇಲೆ ಆದದ್ದನ್ನು ಯಾರೂ ಹೇಳುವುದಿಲ್ಲ. ಹಾಲು ತಂದುಕೊಟ್ಟ ಪಕ್ಕದ ಮನೆಯಾಕೆ ಅವರ ಕಣ್ಣಿಗೆ ಕೇಡು ಬಗೆಯುವ ಮಾಟಗಾತಿಯಾಗಿ ಕಂಡರು. ಸಾಯುತ್ತಿದ್ದೇನೆ ಅನ್ನಿಸಿತು. ಚಿಕ್ಕ ಸಂಸಾರವೊಂದು ತಂದೆಯನ್ನು ಕಳೆದುಕೊಳ್ಳುತ್ತಿದೆ ಅಂತ ಸಂಕಟಪಟ್ಟರು. ಪರೀಕ್ಷಿಸಿದ ವೈದ್ಯರಿಗೆ ಅಗಲವಾದ ಕಣ್ಣಪಾಪೆ ಬಿಟ್ಟರೆ ಬೇರೇನೂ ದೋಷ ಕಾಣಲಿಲ್ಲ. ಆಗ ಅವರಿಗೆ 37 ವರ್ಷ, ಮೂವರು ಮಕ್ಕಳು. ಅದೃಷ್ಟಕ್ಕೆ ಹೆಂಡತಿ ಆ ದಿನ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿದ್ದರು. ಫೋನ್ ಬಂದಾಗ ಮಕ್ಕಳನ್ನು ಅಜ್ಜ ಅಜ್ಜಿಯ ಹತ್ತಿರ ಬಿಟ್ಟು ವಾಪಸ್ ಬಂದರು. ಆ ಮಕ್ಕಳು ಮನೆಯಲ್ಲೇ ಇದ್ದಿದ್ದರೆ ಅಂತ ನನಗೆ ಪ್ರತಿಸಲವೂ ಅನ್ನಿಸುತ್ತದೆ.

ಯಾಕೆಂದರೆ ಇದ್ದ ಮಗುವೊಂದನ್ನು ನಾನು ನೋಡಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ನಾಲ್ಕು ವರ್ಷದ ಹುಡುಗಿ ರಾತ್ರಿ ಎದ್ದು ಅಪ್ಪನನ್ನು ಹುಡುಕಿಕೊಂಡು ಹಾಲ್‌ಗೆ ಬಂದಳು. ಅಪ್ಪನಿಗೆ ಅವಳ ಮುಖ ಕರಗುತ್ತಿರುವ ಹಾಗೆ ಕಂಡಿತು. ಆತ ಕೆಟ್ಟವರಲ್ಲ, ಮಗಳನ್ನು ಹೆದರಿಸಬಾರದು ಅಂತಲೇ ಬಚ್ಚಲು ಮನೆಗೆ ಹೋಗಿ ಚಿಲಕ ಹಾಕಿಕೊಂಡರು. ಅವಳು ಹೊರಗೆ ನಿಂತು ಬಾಗಿಲು ಬಡಿಯುತ್ತಲೇ ಇದ್ದಳು. ಆಮೇಲೆ ಬಹಳ ದಿನ ಮನೆಯ ಯಾವ ಬಾಗಿಲನ್ನೂ ಮುಚ್ಚಲು ಬಿಡುತ್ತಿರಲಿಲ್ಲವಂತೆ. ಅಪ್ಪ ನನ್ನ ಹತ್ತಿರ ಬಂದದ್ದು ತಮಗಾದ ಭಯದ ವಿಷಯ ಮಾತಾಡಲು ಅಲ್ಲ. ಆ ಬಡಿತದ ಸದ್ದು ಇನ್ನೂ ಕಿವಿಯಲ್ಲಿದೆ ಅಂತ ಹೇಳಲು.

"ಹೆಂಡತಿ ಇರ್ತಾಳಲ್ಲ", "ಇವರು ನೋಡ್ಕೋತಾರೆ" ಅನ್ನುತ್ತಾರೆ. ಒಬ್ಬರೇ ಎರಡು ಕಡೆ ಹೇಗೆ ನೋಡುತ್ತಾರೆ? ಗಾಬರಿಯಾಗಿ ಬಾಗಿಲು ತೆಗೆದು ಬೀದಿಗೆ ಓಡುವ ನಿಮ್ಮನ್ನು ಹಿಡಿಯಬೇಕೋ, ಅಳುವ ಮಗುವನ್ನು ಎತ್ತಿಕೊಳ್ಳಬೇಕೋ? ಇಬ್ಬರೂ ಸೇರಿ ತಗೊಳ್ಳುವ ಯೋಚನೆ ಇರುವವರೂ ಬರುತ್ತಾರೆ. ಅವರ ಮೇಲೆ ನನಗೆ ಸಿಟ್ಟು ಬಂದಿದೆ, ದನಿ ಏರಿಸಿದ್ದೂ ಇದೆ.

ಪ್ರಯೋಗಗಳ ಫಲಿತಾಂಶ ತೋರಿಸುವವರಿಗೆ ಒಂದು ಮಾತು. 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಬೇರೆ ಔಷಧಗಳಿಗೆ ಬಗ್ಗದ ಖಿನ್ನತೆ ಇದ್ದ 233 ಜನರಿಗೆ ಸೈಲೋಸೈಬಿನ್ ಕೊಟ್ಟರು. 25 ಮಿಲಿಗ್ರಾಂ ಪಡೆದವರಲ್ಲಿ ಕೆಲವರಿಗೆ ಮೂರು ವಾರಕ್ಕೇ ಗಣನೀಯವಾಗಿ ಗುಣ ಕಂಡಿತು. ಆತ್ಮಹತ್ಯೆಯ ಯೋಚನೆ ಬಂದವರೂ ಅದೇ ಅಧ್ಯಯನದಲ್ಲಿದ್ದರು. ಇಂಥ ಪ್ರಯೋಗಕ್ಕೆ ಸೇರಿಸಿಕೊಳ್ಳುವ ಮುಂಚೆ ಜರಡಿ ಹಿಡಿದು ಆರಿಸುತ್ತಾರೆ. ಮುಂಚೆಯೇ ಕೂತು ಮಾತಾಡಿ ಸಿದ್ಧಪಡಿಸುತ್ತಾರೆ. ಇಡೀ ಹೊತ್ತು ತರಬೇತಾದವರು ಪಕ್ಕದಲ್ಲಿರುತ್ತಾರೆ, ಆಮೇಲೂ ಕರೆದು ವಿಚಾರಿಸುತ್ತಾರೆ. ಮಾತ್ರೆಯಲ್ಲಿ ಎಷ್ಟಿದೆ ಅಂತ ಗೊತ್ತಿರುತ್ತದೆ. ಆಸ್ಟ್ರೇಲಿಯಾದಲ್ಲಿ 2023ರ ಜುಲೈನಿಂದ ಇದನ್ನು ಬರೆದುಕೊಡಲು ಬಿಟ್ಟಿರುವುದೂ ಅನುಮತಿ ಪಡೆದ ಮನೋವೈದ್ಯರಿಗೆ ಮಾತ್ರ. ನಿಮ್ಮ ಹಾಲ್‌ನಲ್ಲಿ ನಡೆಯುವುದು ಬೇರೆಯೇ ಸಂಗತಿ. ಎಲ್‌ಎಸ್‌ಡಿ ಅಂತ ಮಾರುವ ಕಾಗದದ ಚೂರಿನಲ್ಲಿ ಎನ್‌ಬಿಒಎಂಇ ಅನ್ನುವ ಬೇರೆಯದೇ ರಾಸಾಯನಿಕ ಇದ್ದು ಜನ ಸತ್ತಿದ್ದಾರೆ. ಕಾಡು ಅಣಬೆಯಲ್ಲಿ ತಪ್ಪಾಗಿ ವಿಷದ್ದನ್ನು ಕಿತ್ತರೆ ಆಗ ಲಿವರ್ ಉಳಿಯುವುದು ಕಷ್ಟ.

ಜರಡಿ ಅಂದೆನಲ್ಲ, ಅದರಲ್ಲಿ ಮೊದಲು ಹೊರಬೀಳುವವರು ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗಾಡುವುದು), ಸ್ಕಿಜೋಫ್ರೀನಿಯಾದಂಥ (ಇಲ್ಲದ ದನಿ ಕೇಳುವುದು, ಇಲ್ಲದ್ದನ್ನು ನಂಬುವುದು) ಕಾಯಿಲೆ ಇದ್ದವರು. ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಇದ್ದರೂ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನಮ್ಮ ಮನೆಗಳಲ್ಲಿ ಇದನ್ನು ಮುಚ್ಚಿಡುವುದೇ ಜಾಸ್ತಿ. "ಚಿಕ್ಕಪ್ಪ ಸ್ವಲ್ಪ ಕೋಪಿಷ್ಠ", "ಅತ್ತೆ ಮನೆ ಬಿಟ್ಟು ಹೋಗಿದ್ದರು" ಅನ್ನುವ ಮಾತುಗಳ ಹಿಂದೆ ಏನಿತ್ತು ಅಂತ ಎಷ್ಟು ಜನಕ್ಕೆ ಗೊತ್ತು? ಬಾಣಂತಿಯರಂತೂ ಇದರ ಹತ್ತಿರ ಸುಳಿಯಬಾರದು. ಬೈಪೋಲಾರ್ ಒಳಗೆ ಅಡಗಿದ್ದರೆ ಅದು ಏಳುವ ಅಪಾಯ ಹೆರಿಗೆಯ ನಂತರವೇ ಹೆಚ್ಚು.

ಇನ್ನೂ ಒಂದು ವಿಷಯ ನನಗೆ ನಿದ್ದೆಗೆಡಿಸುತ್ತದೆ. ಡಿಪ್ರೆಶನ್ ಮಾತ್ರೆ ತಗೊಳ್ಳುತ್ತಿದ್ದರೆ ಅಣಬೆ ಅಷ್ಟು ಹತ್ತುವುದಿಲ್ಲ ಅಂತ ಯಾರೋ ಹೇಳಿರುತ್ತಾರೆ. ಅದನ್ನು ನಂಬಿ ನನಗೆ ಹೇಳದೆ ಮಾತ್ರೆ ನಿಲ್ಲಿಸುತ್ತಾರೆ. ಎರಡು ವಾರದಲ್ಲಿ ಹಳೆಯ ಕತ್ತಲು ವಾಪಸ್ ಬಂದಿರುತ್ತದೆ. ಬೈಪೋಲಾರ್‌ಗೆ ಕೊಡುವ ಲಿಥಿಯಂ ಮಾತ್ರೆ ತಗೊಳ್ಳುವವರು ಇದನ್ನು ಸೇರಿಸಿಕೊಂಡು ಫಿಟ್ಸ್ ಬಂದದ್ದೂ ಉಂಟು. ದಯವಿಟ್ಟು ನನಗಲ್ಲದಿದ್ದರೆ ಬೇರೆ ವೈದ್ಯರಿಗಾದರೂ ಹೇಳಿ. ಬೈಯುವುದಿಲ್ಲ.

ಹೆಚ್ಚಿನ ದೇಶಗಳಲ್ಲಿ ಇದು ಕಾನೂನಿಗೆ ವಿರುದ್ಧ. ಸಿಕ್ಕಿಬಿದ್ದರೆ ಮಗು ಯಾರ ಹತ್ತಿರ ಇರಬೇಕು ಅನ್ನುವ ಪ್ರಶ್ನೆಯೂ ಏಳಬಹುದು. ಅದರ ವಿವರ ವಕೀಲರು ಹೇಳಲಿ.

ನನ್ನ ಸಲಹೆ, ಮಕ್ಕಳು ಚಿಕ್ಕವರಿರುವಾಗ ಬೇಡ. ನಿಮ್ಮ ನೋವು ಸಣ್ಣದು ಅಂತಲ್ಲ, ಅದಕ್ಕೆ ಬೇರೆ ದಾರಿ ಹುಡುಕೋಣ ಬನ್ನಿ. ಆದರೆ ನನ್ನ ಮಾತು ಎಲ್ಲರೂ ಕೇಳುವುದಿಲ್ಲ ಅಂತ ಗೊತ್ತು. ಮನೆಯಲ್ಲಿ ಈಗಾಗಲೇ ತಂದಿಟ್ಟಿರುವವರೂ ಇರಬಹುದು. ಇಂಥವನ್ನು ಚಾಕೊಲೇಟ್‌ನಲ್ಲಿ, ಜೆಲ್ಲಿಯಲ್ಲಿ ಬೆರೆಸಿ ಮಾರುತ್ತಾರೆ. ಮಗುವಿಗೆ ಅದು ಬರೀ ಚಾಕೊಲೇಟ್.

ಮೂರು ವರ್ಷದ ಒಂದು ಮಗುವನ್ನು ತುರ್ತು ವಿಭಾಗಕ್ಕೆ ತಂದಿದ್ದರು. ವಾಂತಿ, ಕಿರುಚಾಟ, ಯಾರನ್ನೂ ಗುರುತಿಸುತ್ತಿಲ್ಲ. ಏನು ತಿಂದಿತು ಅಂದರೆ "ಗೊತ್ತಿಲ್ಲ". ಮೆದುಳಿನ ಸೋಂಕಿರಬಹುದು ಅಂತ ರಕ್ತ ತೆಗೆದರು, ತಲೆಯ ಸ್ಕ್ಯಾನ್ ಆಯಿತು, ಬೆನ್ನಿನಿಂದ ನೀರು ತೆಗೆಯುವ ಸೂಜಿ ಸಿದ್ಧವಾಯಿತು. ಆ ಸೂಜಿ ನೋಡಿದ ಮೇಲೆ ಅಪ್ಪ ಜೇಬಿನಿಂದ ಮಡಚಿದ ಹೊದಿಕೆ ಕಾಗದ ತೆಗೆದು ನರ್ಸ್ ಕೈಗೆ ಕೊಟ್ಟರು. ಅಷ್ಟೂ ಹೊತ್ತು ಅದು ಅವರ ಜೇಬಿನಲ್ಲೇ ಇತ್ತು. ಮಗು ಮಾರನೇ ದಿನ ಹುಷಾರಾಯಿತು.

ಹಾಗೇನಾದರೂ ಆದರೆ ಮನೆಯಲ್ಲಿ ವಾಂತಿ ಮಾಡಿಸಬೇಡಿ, ಇಳಿಯಲಿ ಅಂತ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೊರಡಿ. ನೀವೂ ತಗೊಂಡಿದ್ದರೆ ಗಾಡಿ ಮುಟ್ಟಬೇಡಿ, ಆಂಬುಲೆನ್ಸ್ ಕರೆಯಿರಿ. ಬಾಗಿಲಲ್ಲಿ ಸಿಕ್ಕ ಮೊದಲ ನರ್ಸ್‌ಗೆ ಮಗು ಏನು ತಿಂದಿತು, ಎಷ್ಟು ಹೊತ್ತಾಯಿತು ಅಂತ ಹೇಳಿ. ಕಾಗದ ಇದ್ದರೆ ಕೈಯಲ್ಲೇ ಹಿಡಿದುಕೊಂಡು ಬನ್ನಿ.