ಬಿಪಿ ಇರುವವರ ಮನೆಯ ಉಪ್ಪಿನಕಾಯಿ ಜಾಡಿಗೆ ಎಷ್ಟು ಉಪ್ಪು?

ಪ್ರಶ್ನೆ: ನಮ್ಮದು ಶ್ರೀನಿವಾಸಪುರದ ಹತ್ತಿರ ಹಳ್ಳಿ. ಮಾವಿನಕಾಯಿ ನಮ್ಮ ತೋಟದ್ದೇ. ಅಪ್ಪನಿಗೆ ಬಿಪಿ ಇದೆ, ಉಪ್ಪು ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದ್ದಾರೆ. ಆದರೆ ಉಪ್ಪಿನಕಾಯಿ ಇಲ್ಲದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಈ ಸಲ ಅರ್ಧ ಉಪ್ಪು ಹಾಕಿ ಉಪ್ಪಿನಕಾಯಿ ಮಾಡಬಹುದಾ?

ಉತ್ತರ: ವರ್ಷಪೂರ್ತಿ ಇಡುವ ಜಾಡಿಗಾದರೆ ಬೇಡ. ನಾನೂ ಒಮ್ಮೆ ಇದೇ ಬುದ್ಧಿವಂತಿಕೆ ಮಾಡಿ ಕೈ ಸುಟ್ಟುಕೊಂಡವಳು. ಮೂರನೇ ವಾರ ಜಾಡಿಯ ಬಾಯಿಬಟ್ಟೆ ಬಿಚ್ಚಿದರೆ ನೊರೆ, ಹೆಂಡದ ವಾಸನೆ, ಮೇಲೆಲ್ಲ ಬಿಳಿ ಬೂಷ್ಟು. ಎರಡು ಕೆಜಿ ಕಾಯಿ, ಎಣ್ಣೆ, ಖಾರದಪುಡಿ ಎಲ್ಲ ತಿಪ್ಪೆಗೆ ಹೋಯಿತು. ಅತ್ತೆ ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

ಉಪ್ಪಿನಕಾಯಿಯಲ್ಲಿ ಉಪ್ಪು ಇರುವುದು ಬರೀ ರುಚಿಗಲ್ಲ. ಹೆಚ್ಚಿದ ಹೋಳಿಗೆ ಉಪ್ಪು ಬೆರೆಸಿ ರಾತ್ರಿ ಮುಚ್ಚಿಟ್ಟರೆ ಬೆಳಗ್ಗೆ ನೀರು ಬಿಟ್ಟುಕೊಂಡಿರುತ್ತದಲ್ಲ, ಕಣ್ಣಿಗೆ ಕಾಣದ ಕ್ರಿಮಿಗಳ ಮೈಯಿಂದಲೂ ಉಪ್ಪು ಹಾಗೆಯೇ ನೀರು ಹೀರುತ್ತದೆ. ಜಾಡಿಯಲ್ಲಿ ಉಳಿದ ನೀರೂ ಅವುಗಳಿಗೆ ದಕ್ಕದಂತೆ ಉಪ್ಪಿನ ಹಿಡಿತದಲ್ಲಿರುತ್ತದೆ. ಉಪ್ಪುನೀರು ಶೇಕಡಾ 10ಕ್ಕೆ ಮುಟ್ಟಿದರೆ ಬಾಟುಲಿಸಂ ಅನ್ನುವ, ಜೀವಕ್ಕೇ ಕುತ್ತು ತರುವ ಆಹಾರವಿಷದ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಬೂಷ್ಟು ಮಾತ್ರ ಮೊಂಡು, ಅದಕ್ಕಿಂತ ಹೆಚ್ಚು ಉಪ್ಪಿದ್ದರೂ ತಲೆಯೆತ್ತುತ್ತದೆ. ಅದಕ್ಕೇ ಮೇಲೆ ಎಣ್ಣೆ ನಿಲ್ಲಿಸಿ ಗಾಳಿ ತಪ್ಪಿಸುವುದು. ನಾಲ್ಕೈದು ಪಾವು ಹೋಳಿಗೆ ಒಂದು ಪಾವು ಉಪ್ಪು ಅಂತ ಹಿರಿಯರು ಹೇಳುತ್ತಿದ್ದ ಲೆಕ್ಕ ಹುಟ್ಟಿದ್ದು ಹೀಗೆ. ಮಾವು, ನಿಂಬೆಗಾದರೆ ಹುಳಿಯೂ ಕಾವಲಿಗಿದೆ. ಹುಳಿಯಿಲ್ಲದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿಗೆ ಉಪ್ಪು ಇಳಿಸುವ ಆಟವೇ ಬೇಡ.

ಇನ್ನು ಅಪ್ಪನ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು, ಅಂದರೆ ಮಟ್ಟಸವಾಗಿ ಒಂದು ಟೀ ಚಮಚಕ್ಕಿಂತ ಕಡಿಮೆ. ಒಂದು ಕೆಜಿ ಹೋಳಿಗೆ 200 ಗ್ರಾಂ ಉಪ್ಪು ಹಾಕಿದಿರಿ ಅನ್ನಿ. ಖಾರದಪುಡಿ, ಸಾಸಿವೆಪುಡಿ, ಎಣ್ಣೆ ಸೇರಿ ಒಟ್ಟು ಒಂದೂವರೆ ಕೆಜಿಯಷ್ಟಾಗುತ್ತದೆ. ಅದರಲ್ಲಿ 10 ಗ್ರಾಂ, ಅಂದರೆ ರಸದ ಜೊತೆ ಒಂದು ಸಣ್ಣ ಹೋಳು ತಟ್ಟೆಗೆ ಬಿದ್ದರೆ ಸುಮಾರು 1.3 ಗ್ರಾಂ ಉಪ್ಪು. ದಿನದ ಮಿತಿಯಲ್ಲಿ ಕಾಲು ಭಾಗ ಅಲ್ಲಿಗೇ ಮುಗಿಯಿತು. ಮೂರು ಹೊತ್ತೂ ಹೀಗಾದರೆ ಸಾರಿಗೆ ಉಪ್ಪು ಹಾಕಲು ಜಾಗವೇ ಉಳಿಯುವುದಿಲ್ಲ.

ನಮ್ಮ ಕಡೆ ಇನ್ನೊಂದು ಕಳ್ಳದಾರಿಯೂ ಇದೆ. ಕೋಲಾರ, ತುಮಕೂರಿನ ಕಡೆ ಹುಣಸೆಹಣ್ಣು ಕುಟ್ಟಿ, ಬೀಜ ತೆಗೆದು, ಕಲ್ಲುಪ್ಪು ಬೆರೆಸಿ ಮಡಕೆಗೆ ತುಂಬಿಡುತ್ತೇವೆ. ಆ ಹಣ್ಣು ಕಿವುಚಿ ಸಾರಿಗೆ ಬಿಟ್ಟಾಗ ಅದರ ಉಪ್ಪೂ ಇಳಿಯುತ್ತದೆ. ಅದನ್ನು ಮರೆತು ಎಂದಿನ ಅಳತೆಯ ಉಪ್ಪನ್ನೇ ಮತ್ತೆ ಹಾಕುತ್ತೇವೆ. ಬಾಳಕದ ಮೆಣಸಿನಕಾಯಿ, ಹಪ್ಪಳ, ಸಂತೆಯ ಒಣಮೀನು, ಇವೂ ಲೆಕ್ಕಕ್ಕೆ ಬರಬೇಕು. ಮುದ್ದೆಯೊಂದು ಬಚಾವ್, ಅದಕ್ಕೆ ಹೆಚ್ಚಿನ ಮನೆಗಳಲ್ಲಿ ಉಪ್ಪು ಹಾಕುವುದಿಲ್ಲ.

ಸೈಂಧವ ಲವಣ ಹಾಕಿದರೆ? ಅದೂ ಮುಖ್ಯವಾಗಿ ಸೋಡಿಯಂ ಕ್ಲೋರೈಡೇ, ಬಿಪಿಗೆ ವ್ಯತ್ಯಾಸವಿಲ್ಲ. ಸೋಡಿಯಂ ಕಡಿಮೆ ಇರುವ, ಪೊಟ್ಯಾಸಿಯಂ ಬೆರೆಸಿದ ಉಪ್ಪಿನ ಮಾತು ಬೇರೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ಐದು ವರ್ಷ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಂಥ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇಕಡಾ 14ರಷ್ಟು ಕಡಿಮೆಯಿತ್ತು. ಆದರೆ ಕಿಡ್ನಿ ತೊಂದರೆ ಇದ್ದರೆ, ಅಥವಾ ಬಿಪಿಗೆ ಟೆಲ್ಮಿಸಾರ್ಟಾನ್, ಎನಾಲಪ್ರಿಲ್, ಸ್ಪೈರನೋಲ್ಯಾಕ್ಟೋನ್ ತರಹದ ಮಾತ್ರೆ ನಡೆಯುತ್ತಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರುವ ಅಪಾಯವಿದೆ. ಡಾಕ್ಟರನ್ನು ಕೇಳದೆ ತರಬೇಡಿ. ಕೇಳಿ ತಂದರೂ ಸಾರು, ಪಲ್ಯಕ್ಕಿರಲಿ. ಉಪ್ಪಿನಕಾಯಿಗೆ ಹೇರಳವಾಗಿ ಸುರಿದರೆ ಕಹಿ ತಟ್ಟುತ್ತದೆ.

ನಾನಾಗಿದ್ದರೆ ದೊಡ್ಡ ಜಾಡಿಗೆ ಹಳೆಯ ಅಳತೆಯಲ್ಲೇ ಉಪ್ಪು ಹಾಕಿ ಮನೆಮಂದಿಗೆ ಇಡುತ್ತಿದ್ದೆ. ಅಪ್ಪನಿಗೆ ಬೇರೆಯೇ: ಒಂದು ಮಾವಿನಕಾಯಿ ಸಣ್ಣಗೆ ಹೆಚ್ಚಿ, ಚಿಟಿಕೆ ಉಪ್ಪು, ಖಾರದಪುಡಿ ಹಾಕಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟು ಫ್ರಿಜ್ಜಿನಲ್ಲಿಟ್ಟರೆ ಮೂರ್ನಾಲ್ಕು ದಿನಕ್ಕಾಗುತ್ತದೆ. ಮುಗಿದ ಮೇಲೆ ಮತ್ತೆ ಮಾಡಿ. ದೊಡ್ಡ ಜಾಡಿಯದ್ದೇ ಬೇಕು ಅಂತ ಹಟ ಹಿಡಿದ ದಿನ ಒಂದೇ ಸಣ್ಣ ಹೋಳು, ರಸ ಬೇಡ. ಬಡಿಸುವವರು ನೀವಾಗಿರಿ, ಜಾಡಿ ಅವರ ಕೈಗೆ ಸಿಗದ ಅಟ್ಟದ ಮೇಲಿರಲಿ.