ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು: ದೋಷ ಹುಡುಕುವುದು ಎಲ್ಲಿಂದ?

ಪ್ರಶ್ನೆ: ಡೆಸ್ಕ್‌ಟಾಪ್ ಕಂಪ್ಯೂಟರಿನ ಗುಂಡಿ ಒತ್ತಿದರೆ ಫ್ಯಾನುಗಳು ತಿರುಗುತ್ತವೆ, ದೀಪವೂ ಹೊತ್ತುತ್ತದೆ; ಆದರೆ ಮಾನಿಟರಿನಲ್ಲಿ ‘ನೋ ಸಿಗ್ನಲ್’ ಎಂದಷ್ಟೇ ಬರುತ್ತದೆ. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಬದಲಾಯಿಸಬೇಕೇ ಅಥವಾ ಒಳಗಿನ ಮುಖ್ಯ ಫಲಕವಾದ ಮದರ್‌ಬೋರ್ಡೇ ಹಾಳಾಗಿದೆಯೇ?

ಉತ್ತರ: ಎರಡಕ್ಕೂ ಈಗಲೇ ಹಣ ಹಾಕಬೇಡಿ. ಫ್ಯಾನಿಗೆ ಬೇಕಾದದ್ದು 12 ವೋಲ್ಟ್ ವಿದ್ಯುತ್ ಮಾತ್ರ. ಪ್ರೊಸೆಸರ್ ಒಂದೇ ಒಂದು ಆದೇಶವನ್ನು ಪಾಲಿಸದಿದ್ದರೂ ಅದು ತಿರುಗುತ್ತದೆ. ಪರದೆಯ ಮೇಲೆ ಏನಾದರೂ ಮೂಡಬೇಕಾದರೆ ಪ್ರೊಸೆಸರ್ ಎಚ್ಚೆತ್ತು, ಚಾಲೂ ಆದೊಡನೆ ಮೊದಲು ಓಡುವ ಬಯಾಸ್ ತಂತ್ರಾಂಶವು ತಾತ್ಕಾಲಿಕ ಸ್ಮೃತಿಯಾದ ರ‍್ಯಾಮ್ ಅನ್ನು ಪರೀಕ್ಷಿಸಿ, ಆಮೇಲೆ ಗ್ರಾಫಿಕ್ಸ್ ಭಾಗವನ್ನು ಗುರುತಿಸಬೇಕು. ‘ಪೋಸ್ಟ್’ ಎಂದು ಕರೆಯುವ ಈ ತಪಾಸಣೆ ಮುಗಿದಿದೆಯೇ ಇಲ್ಲವೇ ಎಂಬುದನ್ನೇ ಮೊದಲು ತಿಳಿಯಬೇಕು.

ಅದಕ್ಕೆ ಸುಲಭದ ದಾರಿ ಕೀಬೋರ್ಡು. ಕಂಪ್ಯೂಟರ್ ಚಾಲೂ ಮಾಡಿ ಒಂದೆರಡು ನಿಮಿಷ ಬಿಟ್ಟು ಕ್ಯಾಪ್ಸ್ ಲಾಕ್ ಒತ್ತಿ. ಅದರ ದೀಪ ಹೊತ್ತಿ ಆರುತ್ತಿದ್ದರೆ ಯಂತ್ರ ಬಹುಮಟ್ಟಿಗೆ ಸರಿಯಾಗಿಯೇ ಓಡುತ್ತಿದೆ, ತೊಂದರೆ ಇರುವುದು ಚಿತ್ರ ಹೊರಬರುವ ದಾರಿಯಲ್ಲಿ. ಮಾನಿಟರಿನಲ್ಲಿ ಸರಿಯಾದ ಇನ್‌ಪುಟ್ ಆಯ್ಕೆಯಾಗಿದೆಯೇ ನೋಡಿ, ಬೇರೊಂದು ಕೇಬಲ್ ಹಾಕಿ ನೋಡಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಆ ಕಾರ್ಡಿಗೇ ಹೋಗಬೇಕು, ಮದರ್‌ಬೋರ್ಡಿನ ಎಚ್‌ಡಿಎಂಐ ಕಿಂಡಿಗಲ್ಲ. ಐ5-12400ಎಫ್‌ನಂತೆ ಹೆಸರಿನ ಕೊನೆಯಲ್ಲಿ ‘ಎಫ್’ ಇರುವ ಇಂಟೆಲ್ ಪ್ರೊಸೆಸರುಗಳಲ್ಲಿ ಗ್ರಾಫಿಕ್ಸ್ ಇರುವುದೇ ಇಲ್ಲವಾದ್ದರಿಂದ ಆ ಕಿಂಡಿಯಿಂದ ಯಾವ ಕಾಲಕ್ಕೂ ಚಿತ್ರ ಬಾರದು. ಧೂಳು ಒರೆಸಲೆಂದು ಕೇಬಲುಗಳನ್ನೆಲ್ಲ ಬಿಚ್ಚಿ ಮತ್ತೆ ಸಿಕ್ಕಿಸುವಾಗ ಆಗುವ ಎಡವಟ್ಟು ಹೆಚ್ಚಾಗಿ ಇದೇ.

ಕ್ಯಾಪ್ಸ್ ಲಾಕ್ ಪ್ರತಿಕ್ರಿಯಿಸದಿದ್ದರೆ ತಪಾಸಣೆ ನಡುವೆಯೇ ನಿಂತಿದೆ ಎಂದು ಊಹಿಸಬಹುದು. ಆಗ ಮೊದಲ ಸಂಶಯ ರ‍್ಯಾಮ್ ಮೇಲೆ. ವಿದ್ಯುತ್ ತಂತಿಯನ್ನು ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿಹಿಡಿದು ಉಳಿದ ವಿದ್ಯುತ್ತನ್ನು ಹರಿಯಗೊಟ್ಟು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿದ ನಂತರವೇ ಒಳಗೆ ಕೈಹಾಕಿ. ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ಮೆತ್ತನೆಯ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಪೂರ್ತಿ ಒರೆಸಿ. ಲೇಪ ಬಹಳ ತೆಳುವಾದ್ದರಿಂದ ಬಲ ಹಾಕಬಾರದು. ಎರಡು ರ‍್ಯಾಮ್‌ಗಳಿದ್ದರೆ ಒಂದನ್ನೇ ಹಾಕಿ, ಕಟ್ ಎಂದು ಕೂರುವವರೆಗೆ ಒತ್ತಿ ಪರೀಕ್ಷಿಸಿ, ಅನಂತರ ಇನ್ನೊಂದನ್ನು, ಆಮೇಲೆ ಬೇರೆ ಸ್ಲಾಟನ್ನು ನೋಡಿ. ನಾಲ್ಕು ಸ್ಲಾಟುಗಳಿರುವ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯದು ಒಂಟಿ ರ‍್ಯಾಮಿಗೆ ಸೂಕ್ತ. ಹೊಸ ಬಗೆಯ ಡಿಡಿಆರ್5 ರ‍್ಯಾಮ್ ಬದಲಿಸಿದ ಮೊದಲ ಸಲ ಹೊಂದಾಣಿಕೆಗೆ ಹಲವು ನಿಮಿಷ ಹಿಡಿಯಬಹುದು. ಪರದೆ ಕಪ್ಪಾಗಿದೆಯೆಂದು ಆತುರಪಟ್ಟು ಆರಿಸಬೇಡಿ.

ಬೋರ್ಡಿಗೆ ಸಣ್ಣ ಸ್ಪೀಕರ್ ಇದ್ದರೆ ರ‍್ಯಾಮ್ ಪೂರ್ತಿ ತೆಗೆದೇ ಒಮ್ಮೆ ಚಾಲೂ ಮಾಡಿ. ಬೀಪ್ ಸದ್ದು ಬಂದರೆ ಅದು ಶುಭಸೂಚನೆ: ‘ರ‍್ಯಾಮ್ ಇಲ್ಲ’ ಎಂದು ದೂರುವಷ್ಟು ಪ್ರೊಸೆಸರೂ ಮದರ್‌ಬೋರ್ಡೂ ಕೆಲಸ ಮಾಡುತ್ತಿವೆ. ಈಚಿನ ಅನೇಕ ಬೋರ್ಡುಗಳಲ್ಲಿ ಸ್ಪೀಕರಿನ ಬದಲು ಸಿಪಿಯು (ಪ್ರೊಸೆಸರ್), ಡಿರ‍್ಯಾಮ್, ವಿಜಿಎ (ಗ್ರಾಫಿಕ್ಸ್), ಬೂಟ್ ಎಂಬ ನಾಲ್ಕು ಪುಟ್ಟ ದೀಪಗಳಿದ್ದು, ಆರದೆ ಉಳಿದ ದೀಪವೇ ತಡೆ ಎಲ್ಲಿದೆಯೆಂದು ಹೇಳುತ್ತದೆ.

ರ‍್ಯಾಮಿನಿಂದ ಪರಿಹಾರ ಸಿಗದಿದ್ದರೆ ಪ್ರೊಸೆಸರಿನ ಪಕ್ಕದ ನಾಲ್ಕು ಅಥವಾ ಎಂಟು ಪಿನ್ನಿನ ವಿದ್ಯುತ್ ಕನೆಕ್ಟರ್ ನೋಡಿ. ಅದು ಸಡಿಲವಾದರೆ ಫ್ಯಾನ್ ತಿರುಗಿಯೂ ಪ್ರೊಸೆಸರ್ ಉಪವಾಸವಿರುತ್ತದೆ. ತಂತಿ ಕಿತ್ತ ಸ್ಥಿತಿಯಲ್ಲೇ ಮದರ್‌ಬೋರ್ಡಿನ ಮೇಲಿರುವ 3 ವೋಲ್ಟಿನ ಸಿಆರ್2032 ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟರೆ ಬಯಾಸ್ ಮೂಲ ಸ್ಥಿತಿಗೆ ಮರಳುತ್ತದೆ.

ಇಷ್ಟಾದ ಮೇಲಷ್ಟೇ ಎಸ್‌ಎಂಪಿಎಸ್ ಸರದಿ. ಅದನ್ನೂ ಕೊಳ್ಳುವ ಮೊದಲು ಸರಿಯಾಗಿ ನಡೆಯುತ್ತಿರುವ ಇನ್ನೊಂದನ್ನು ಎರವಲು ತಂದು ಜೋಡಿಸಿ ನೋಡುವುದು ಲೇಸು. ಹಳೆಯ ಎಸ್‌ಎಂಪಿಎಸ್‌ನ ಪೆಟ್ಟಿಗೆಯನ್ನು ಮಾತ್ರ ತೆರೆಯಬೇಡಿ: ತಂತಿ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು.